ಅಕ್ಕ ಒತ್ತಿದ ತಂತಿ, ನಾನು ಮೀಟಿದ ಹಾಡು

ನಾನು ಚಿಕ್ಕವನಿದ್ದಾಗ ಕ್ರಿಸ್ಮಸ್ ಹತ್ತಿರ ಬಂತು ಅಂತ ನಮಗೆ ಮೊದಲು ಹೇಳುತ್ತಿದ್ದದ್ದು ಚಳಿ. ಯಲಹಂಕದ ನಮ್ಮ ರೈಲ್ವೆ ಕ್ವಾರ್ಟರ್ಸಿನ ಹೆಂಚುಗಳು ಬೆಳಗಿನ ಮಂಜಿನಲ್ಲಿ ನೆನೆದು ಹೊಳೆಯುತ್ತಿದ್ದವು. ಒಳಗೆ ಅಮ್ಮ ಕಜ್ಜಾಯಕ್ಕೆ ಬೆಲ್ಲದ ಪಾಕ ಕಾಯಿಸಿದರೆ ಇಡೀ ಸಾಲಿನ ಮನೆಗಳಿಗೆ ಪರಿಮಳ ಹರಡುತ್ತಿತ್ತು.

ಅಪ್ಪ ಅಲ್ಲಾಳಸಂದ್ರದ ಕಡೆಯ ರೈಲ್ವೆ ಗೇಟಿನಲ್ಲಿ ಗೇಟ್‌ಮನ್ ಆಗಿದ್ದರು. ಒಂದು ವರ್ಷ ಕ್ರಿಸ್ಮಸ್ಸಿನ ಹಿಂದಿನ ಸಂಜೆಯೇ ಅವರಿಗೆ ಡ್ಯೂಟಿ ಬಿತ್ತು. ಕ್ರಿಸ್ಮಸ್ ಹಾಡು ಹಾಡುವ ಚರ್ಚಿನ ಗುಂಪು ಮನೆಮನೆಗೆ ಬರುವ ಹೊತ್ತಿಗೆ ಅಪ್ಪ ಮನೆಯಲ್ಲಿರುವಂತಿರಲಿಲ್ಲ. ಅವರ ಮುಖ ಸಪ್ಪಗಾದದ್ದು ನೋಡಿ ಅಕ್ಕ, "ಬೇಜಾರ್ ಮಾಡ್ಕೋಬೇಡಿ ಅಪ್ಪ. ಎಲ್ರನ್ನೂ ಗೇಟಿಗೇ ಕರ್ಕೊಂಡು ಬರ್ತೀನಿ. ಗಿಟಾರ್ ನಾನೇ ನುಡಿಸ್ತೀನಿ" ಎಂದು ಮಾತು ಕೊಟ್ಟಳು.

ಪಕ್ಕದ ಮನೆಯ ಎಂಜಿನ್ ಡ್ರೈವರ್ ಮಾಮ ವರ್ಗವಾಗಿ ಹೋಗುವಾಗ ಆ ಗಿಟಾರನ್ನು ಅಕ್ಕನಿಗೆ ಕೊಟ್ಟಿದ್ದರು. ಅವರೇ ಕಲಿಸಿಕೊಟ್ಟಿದ್ದು ಅವಳಿಗೆ ಒಂದೇ ಹಾಡು. ದನಗಳ ಗೋದಲಿಯಲ್ಲಿ ಹುಟ್ಟಿದ ಕಂದನನ್ನು ಮಲಗಿಸುವ ಹಾಡು ಅದು. ಮಳೆಗಾಲವೆಲ್ಲ ಅದನ್ನೇ ನುಡಿಸಿ ನುಡಿಸಿ ಅಕ್ಕನ ಬೆರಳ ತುದಿಗಳು ಗಟ್ಟಿಯಾಗಿದ್ದವು.

ಆದರೆ ಹಬ್ಬ ಇನ್ನೇನು ಬಂತು ಅನ್ನುವಾಗ, ಬಾಗಿಲ ಮೇಲೆ ಕಾಗದದ ನಕ್ಷತ್ರ ಕಟ್ಟಲು ಹೋಗಿ ಅಕ್ಕ ಸ್ಟೂಲಿನಿಂದ ಬಿದ್ದಳು. ಬಲಗೈ ಮೂಳೆ ಮುರಿಯಿತು. ಬಿದಿರು ದಬ್ಬೆ ಇಟ್ಟು, ಮೊಟ್ಟೆಯ ಬಿಳಿ ಹಚ್ಚಿದ ಬಟ್ಟೆ ಸುತ್ತಿ ನಾಟಿ ಕಟ್ಟು ಹಾಕಿದರು. ಮರುದಿನ ಬೆಳಿಗ್ಗೆ ಅವಳು ಗಿಟಾರಿನ ಮುಂದೆ ಕೂತು ಬಿಕ್ಕುತ್ತಿದ್ದಳು. ಅಂದು ಸಂಜೆಯೇ ಗೇಟಿಗೆ ಹೋಗಬೇಕಿತ್ತು.

ನನಗೆ ಸಂಕಟವಾಯಿತು. ಪಕ್ಕದಲ್ಲಿ ಕೂತು ಗಿಟಾರನ್ನು ತೊಡೆಗೆಳೆದುಕೊಂಡು ಸುಮ್ಮನೆ ಒಮ್ಮೆ ತಂತಿ ಮೀಟಿದೆ. ಅಕ್ಕ ಅಳು ನಿಲ್ಲಿಸಿದಳು. ಮೆಲ್ಲಗೆ ಎಡಗೈ ಚಾಚಿ ತಂತಿಗಳನ್ನು ಒತ್ತಿ ಹಿಡಿದು, "ಈಗ ಮೀಟು" ಎಂದಳು. ಮೀಟಿದೆ. ಅಬ್ಬಾ, ಅದೇ ಹಾಡಿನ ಸ್ವರ! ಅವಳ ಎಡಗೈ, ನನ್ನ ಬಲಗೈ.

ಅಷ್ಟು ಸುಲಭವೇನೂ ಆಗಲಿಲ್ಲ. ಅವಳು ಸ್ವರ ಬದಲಿಸುವಷ್ಟರಲ್ಲಿ ನಾನು ಮುಂದೆ ಓಡಿರುತ್ತಿದ್ದೆ. "ಓಡಬೇಡ ಕಣೋ, ಹಿಂದೆ ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ!" ಎಂದು ಅಕ್ಕ ರೇಗಿದಳು. ಮಧ್ಯಾಹ್ನದ ಹೊತ್ತಿಗೆ ನನ್ನ ಬೆರಳು ಕೆಂಪಗೆ ಉರಿಯುತ್ತಿತ್ತು, ಇಬ್ಬರೂ ಜಗಳವಾಡಿ ಮುಖ ತಿರುಗಿಸಿ ಕೂತಿದ್ದೆವು. ಆಗ ಅಮ್ಮ ಹಿಟ್ಟಿನ ಕೈಯಲ್ಲೇ ಬಂದು ನಮ್ಮಿಬ್ಬರನ್ನೂ ಪುಟ್ಟ ತಮ್ಮನ ಸೀರೆ ತೊಟ್ಟಿಲ ಹತ್ತಿರ ಕೂರಿಸಿದರು. "ಇದು ಕೂಸು ಮಲಗಿಸೋ ಹಾಡು ತಾನೆ? ತೊಟ್ಟಿಲು ಆ ಕಡೆ ಹೋದಾಗ ಒಂದ್ಸಲ ಮೀಟು, ಈ ಕಡೆ ಬಂದಾಗ ಒಂದ್ಸಲ" ಎಂದು ತೂಗಿಬಿಟ್ಟರು. ತೊಟ್ಟಿಲು ನೋಡುತ್ತಾ ಮೀಟಿದೆ. ಅಕ್ಕ ತಂತಿ ಒತ್ತುತ್ತಾ ಹಾಡಿದಳು. ಹಾಡು ಕೊನೆಯವರೆಗೂ ಹೋಯಿತು. ತಮ್ಮ ನಿದ್ದೆ ಹೋಗಿದ್ದ.

ಹೊತ್ತು ಮುಳುಗುವಾಗ ಹಾಡುವವರ ಗುಂಪಿನ ಜೊತೆ ಎಲ್ಲರೂ ಲಾಟೀನು ಹಿಡಿದು ಗೇಟಿಗೆ ಹೋದೆವು. ಗಾಳಿಯಲ್ಲಿ ಕಲ್ಲಿದ್ದಲ ಹೊಗೆಯ ವಾಸನೆ, ಕೆರೆಯ ಕಡೆಯಿಂದ ಥಂಡಿ. ಅಪ್ಪ ಗೇಟು ಹಾಕಿ, ಹಸಿರು ದೀಪ ಹಿಡಿದು ಹಳಿಯ ಕಡೆ ಮುಖ ಮಾಡಿ ನಿಂತಿದ್ದರು. ಗೇಟಿನಾಚೆ ರಾಗಿ ಹುಲ್ಲಿನ ಗಾಡಿಗಳು ಕಾಯುತ್ತಿದ್ದವು. ಅಕ್ಕ ಮತ್ತು ನಾನು ಹಳಿಯಡಿ ಹಾಕುವ ಹಳೆಯ ಸ್ಲೀಪರ್ ದಿಮ್ಮಿಯ ಮೇಲೆ ಒತ್ತಿಕೊಂಡು ಕೂತು ಶುರುಮಾಡಿದೆವು.

ಹಾಡು ಅರ್ಧಕ್ಕೆ ಬಂದಾಗ ಗೂಡ್ಸ್ ರೈಲು ಬಂತು. ನೆಲ ನಡುಗಿತು. ಹಾಡುವವರ ಬಾಯಿ ಅಲ್ಲಾಡುವುದು ಕಾಣುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ. ನಿಲ್ಲಿಸಿಬಿಡೋಣ ಅನ್ನಿಸಿತು. ಅಕ್ಕ ಬೇಡವೆಂದು ತಲೆಯಾಡಿಸಿದಳು. ಅವಳ ಬೆರಳುಗಳನ್ನೇ ನೋಡುತ್ತಾ ಮೀಟುತ್ತಾ ಹೋದೆ. ಕೊನೆಯ ಡಬ್ಬಿ ದಾಟಿ ಸದ್ದು ಕರಗಿದಾಗ ನಮ್ಮ ಗಿಟಾರು, ಅವರ ಹಾಡು ಎರಡೂ ಒಂದೇ ಸಾಲಿನಲ್ಲಿದ್ದವು!

ಅಪ್ಪ ಗೇಟು ತೆಗೆದರು. ಗಾಡಿಗಳು ಕದಲಲಿಲ್ಲ. ಮುಂದಿನ ಗಾಡಿಯ ತಾತ, "ತಾಳಣ್ಣೋ, ಪದ ಮುಗೀಲಿ. ಆಮ್ಯಾಕೆ ಓಗಾನ" ಎಂದರು. ಹಾಡು ಮುಗಿಯಿತು. ಅಪ್ಪ ದೀಪ ಕೆಳಗಿಟ್ಟು ಹತ್ತಿರ ಬಂದರು. ಅಕ್ಕನ ಕಟ್ಟಿನ ಕೈಯನ್ನೂ ನನ್ನ ಕೆಂಪು ಬೆರಳನ್ನೂ ನೋಡಿದರು. "ನಡುವಿನದ್ದನ್ನೆಲ್ಲ ರೈಲು ನುಂಗ್ಬಿಡ್ತು. ಇನ್ನೊಂದ್ಸಲ ಹಾಡ್ರಪ್ಪ" ಎಂದರು. ಮೊದಲಿಂದ ಹಾಡಿದೆವು.

ಮಕ್ಕಳೇ, ಆ ರಾಗಿ ಹೊಲಗಳಲ್ಲೆಲ್ಲ ಈಗ ನಿಮ್ಮ ಅಪಾರ್ಟ್‌ಮೆಂಟುಗಳಿವೆ. ಗಿಟಾರ್ ಕಲಿಯಲು ನಿಮಗೆ ಫೋನೇ ಗುರು. ತಪ್ಪಿದರೆ ಬೈಯದೆ ಎಷ್ಟು ಸಲ ಬೇಕಾದರೂ ತೋರಿಸುತ್ತದೆ. ನನಗಿಂತ ಎಷ್ಟೋ ಚೆನ್ನಾಗಿ, ಎಷ್ಟೋ ಹಾಡು ನುಡಿಸುತ್ತೀರಿ ಅಂತ ನಿಮ್ಮಮ್ಮ ಹೇಳಿದಳು. ಮೊನ್ನೆ ಕೋಣೆಯ ಬಾಗಿಲಲ್ಲಿ ನಿಂತು ನೋಡಿದೆ. ನೀವು ಹೆಡ್‌ಫೋನ್ ಹಾಕಿಕೊಂಡಿದ್ದಿರಿ. ಬೆರಳು ಓಡುವುದಷ್ಟೇ ಕಂಡಿತು. ಈ ಕ್ರಿಸ್ಮಸ್ಸಿಗೆ ಆ ವೈರು ಕಿತ್ತು ನಡುಮನೆಗೆ ಬನ್ನಿ. ತಪ್ಪಾದರೂ ಪರವಾಗಿಲ್ಲ, ಜೋರಾಗಿ ನುಡಿಸಿ. ನಿಮ್ಮ ಈ ತಾತನಿಗೆ ಕಿವಿ ಸ್ವಲ್ಪ ಮಂದ.