ಚಾಚಾನ ಎಡಗೈ ಅಕ್ಷರ

ಲಾಡ್ಲೇಸಾಬ ಚಾಚಾ ಎರಡೂ ಕೈಯಿಂದ ಬರೆಯುತ್ತಿದ್ದರು. ಬಲಗೈ ಸರ್ಕಾರದ್ದು. ಅದರಿಂದ ಕಡತದ ಮೇಲೆ ಊರು, ಹೆಸರು, ಸರ್ವೆ ನಂಬರು ಬರೆದರೆ ಅಚ್ಚು ಹಾಕಿದಂತೆ ಇರುತ್ತಿತ್ತು. ಕನ್ನಡವೂ ಅಷ್ಟೇ, ಉರ್ದೂವೂ ಅಷ್ಟೇ. ಎಡಗೈ ಅವರ ಸ್ವಂತದ್ದು. ಅದರಿಂದ ಬರೆದದ್ದು ಒಂದನೆಯ ತರಗತಿಯ ಹುಡುಗ ಜ್ವರದಲ್ಲಿ ಬರೆದಂತೆ ಕಾಣುತ್ತಿತ್ತು. ಆ ಎಡಗೈಯಿಂದ ಅವರು ಬರೆಯುತ್ತಿದ್ದದ್ದು ಒಂದೇ ಜಾಗದಲ್ಲಿ: ನಮ್ಮ ಕಚೇರಿಯ ಹಿಂದಿನ ಗಂಡಸರ ಮೂತ್ರಾಲಯದ ಗೋಡೆಯ ಮೇಲೆ, ಇದ್ದಿಲಿನಿಂದ, ಮೂಗಿಗೆ ರುಮಾಲು ಕಟ್ಟಿಕೊಂಡು.

ಯಾವ ಕಚೇರಿ ಎಂದು ಹೇಳುವುದಿಲ್ಲ. ಜೇವರ್ಗಿಯಲ್ಲಿದೆ, ಹಳೆಯ ಕಾಗದಗಳಿವೆ, ಇಷ್ಟು ಸಾಕು. ಅಲ್ಲಿಂದ ನನಗೆ ಇನ್ನೂ ಸಂಬಳ ಬರುತ್ತಿದೆ. ಎಂಬತ್ತರ ದಶಕ ಮುಗಿಯುತ್ತ ಬಂದಾಗ ನಾನು ಆಳಂದದಿಂದ ಅಲ್ಲಿಗೆ ತಾತ್ಕಾಲಿಕ ಟೈಪಿಸ್ಟ್ ಆಗಿ ಬಂದೆ. ಎರಡು ಸಲ ಬಿ.ಎ. ಪರೀಕ್ಷೆಗೆ ಕೂತು, ಎರಡು ಸಲವೂ ಕೂತಲ್ಲೇ ತೂಕಡಿಸಿದವನು. ಮೊದಲ ವಾರವೇ ಬದುಕಿದ್ದ ಒಬ್ಬ ರೈತನನ್ನು ಪತ್ರದಲ್ಲಿ ಸಾಯಿಸಿದೆ. ತಿದ್ದಿ ಹೊಡೆ ಎಂದರೆ ಅವನ ಅಣ್ಣನನ್ನೂ ಸಾಯಿಸಿದೆ. ಆ ಅಣ್ಣ ನನ್ನ ಮೇಜಿನ ಮುಂದೆ ನಿಂತು, ಬೆಳಿಗ್ಗೆ ಎಷ್ಟು ರೊಟ್ಟಿ ತಿಂದೆ ಎಂದು ಹೇಳಿ ತನಗೆ ಜೀವ ಇರುವುದನ್ನು ರುಜುವಾತು ಮಾಡಬೇಕಾಯಿತು.

ಚಾಚಾ ಪರಿಚಯವಾದದ್ದೂ ಇಂಥದೇ ಘನಕಾರ್ಯದಿಂದ. ಕಚೇರಿಯ ಎದುರಿನ ಹಿಟ್ಟಿನ ಗಿರಣಿಯವರ ಮಗಳ ಮೇಲೆ ನನಗೆ ಮನಸ್ಸಾಗಿತ್ತು. ಎದುರು ನಿಂತು ಹೇಳುವ ಧೈರ್ಯವಿಲ್ಲ. ಮೂತ್ರಾಲಯದ ಗೋಡೆಯ ಮೇಲೆ ತಾಲ್ಲೂಕಿನವರೆಲ್ಲ ತಮ್ಮ ಮನಸ್ಸು ಬರೆದಿಟ್ಟಿದ್ದರು: ಬಾಣ ಚುಚ್ಚಿದ ಎದೆಗಳು, ಚುನಾವಣೆಯ ಗುರುತುಗಳು, ನಮ್ಮ ಹೆಡ್‌ಕ್ಲರ್ಕರ ಹೊಟ್ಟೆಯ ಚಿತ್ರ, ಅದರ ಕೆಳಗೆ ಇನ್ಯಾರೋ 'ಇಷ್ಟ ಸಣ್ಣದಿಲ್ಲ' ಎಂದು ಬರೆದ ಷರಾ. ನಾನೂ ಬರೆದೆ: 'ನಿನ್ನ ಕಂಡ ದಿನದಿಂದ ನನ್ನ ಟೈಪ್‌ರೈಟರ್ ಒಂದೇ ಅಕ್ಷರ ಹೊಡೆಯುತ್ತಿದೆ.' ಕೆಳಗೆ ಹುಡುಗಿಯ ಹೆಸರು. ಮೂರು ದಿನ ಉತ್ತರಕ್ಕಾಗಿ ಕಾದೆ. ನಾಲ್ಕನೆಯ ದಿನ, ಜ್ವರ ಬಂದಂಥ ಅಕ್ಷರಗಳಲ್ಲಿ ಉತ್ತರ ಬಂದಿತ್ತು:

'ತಮ್ಮಾ, ಇದು ಗಂಡಸರ ಸಂಡಾಸ. ಆಕಿ ಇಲ್ಲಿ ಬರಂಗಿಲ್ಲ.'

ಹುಡುಗಿಯ ಹೆಸರನ್ನು ಉಜ್ಜಿ ಅಳಿಸಿಯೂ ಇದ್ದರು. ನನ್ನ ಪ್ರೇಮ ಅಲ್ಲಿಗೆ ಮುಗಿಯಿತು. ಆದರೆ ಬರೆದವರನ್ನು ಹಿಡಿಯುವ ಹಟ ಹತ್ತಿತು. ಎರಡು ದಿನ ಹೊಟ್ಟೆ ಕೆಟ್ಟವನಂತೆ ಆ ಗೋಡೆಯ ಸುತ್ತ ಸುಳಿದಾಡಿದೆ. ಎರಡನೆಯ ದಿನ ಊಟದ ಹೊತ್ತಿನಲ್ಲಿ, ರೆಕಾರ್ಡ್ ರೂಮಿನ ಜವಾನ ಲಾಡ್ಲೇಸಾಬರು ರುಮಾಲು ಬಿಗಿದು, ಎಡಗೈಯಲ್ಲಿ ಇದ್ದಿಲು ಹಿಡಿದು ನಿಂತದ್ದು ಕಂಡಿತು. ತೆಳ್ಳಗಿನ ದೇಹ, ಖಾಕಿ ಕೋಟು, ಹಳೆಯ ಕಾಗದದ ಧೂಳಿನಿಂದ ಸದಾ ಸೀನು. ಕಚೇರಿಯೊಳಗೆ ಸೀನು ಬಿಟ್ಟರೆ ಅವರ ಬಾಯಿಂದ ಬೇರೆ ಸದ್ದು ಕೇಳಿದವರೇ ಇರಲಿಲ್ಲ.

ನನ್ನನ್ನು ನೋಡಿ ಅವರೇನೂ ಬೆಚ್ಚಲಿಲ್ಲ. ಹೊಟ್ಟೆ ಹೇಗಿದೆ ಎಂದು ಕೇಳಿದರು. ಬರೆದು ಮುಗಿಸಿ, ಕೈ ತೊಳೆದು, ಸುಮ್ಮನೆ ಹೋದರು. ನಾನು ಗೋಡೆ ಓದಿದೆ. ಬಾಗಿಲ ಪಕ್ಕದ ಒಣಗಿದ ಮೂಲೆಯಲ್ಲಿ, ಎದೆ-ಬಾಣಗಳಿಂದ ದೂರ, ಬೇರೆಯದೇ ಮಾತುಕತೆ ನಡೆದಿತ್ತು. 'ಮೋಜಣಿ ಅರ್ಜಿ ಕೊಟ್ಟು ಆರ ತಿಂಗಳಾತು, ಎಲ್ಲಿ ಅದ?' ಎಂದು ಯಾರೋ ಕೇಳಿದ್ದರು. ಕೆಳಗೆ ಎಡಗೈ ಹೇಳಿತ್ತು: 'ಸರ್ವೇಯರ್ ಟೇಬಲ್, ಎಡಗಡಿ ಗಂಟು, ಕೆಳಗ. ಬುಧವಾರ ಅವರು ಇರ್ತಾರ.'

ಹೆಡ್‌ಕ್ಲರ್ಕರ ಕಟ್ಟಪ್ಪಣೆ ಏನೆಂದರೆ, ಕಾಗದದ ಸುದ್ದಿ ಅವರ ಮೇಜಿನಿಂದಲೇ ಹೊರಗೆ ಹೋಗಬೇಕು. ಅವರ ಮೇಜಿನಿಂದ ಹೋಗುತ್ತಿದ್ದ ಸುದ್ದಿ ಒಂದೇ: 'ನಾಳಿ ಬರ್ರಿ.' ಹಾಗಾಗಿ ಹಳ್ಳಿಯವರು ಅವರ ಮುಂದೆ ಕೈ ಮುಗಿದು, ಹಿತ್ತಲಿಗೆ ಹೋಗಿ ಗೋಡೆ ಓದಿ, ಬಸ್ಸು ಹತ್ತುತ್ತಿದ್ದರು. ಬರೆಯಲು ಬಾರದವರು ಪಕ್ಕದವರಿಂದ ಬರೆಸುತ್ತಿದ್ದರು. ಬಂದವರೆಲ್ಲ ಒಮ್ಮೆ ಹಿತ್ತಲಿಗೆ ಹೋಗುವುದನ್ನು ಕಂಡ ಹೆಡ್‌ಕ್ಲರ್ಕರಿಗೆ ಈ ತಾಲ್ಲೂಕಿನ ರೈತರಿಗೆಲ್ಲ ಸಕ್ಕರೆ ಕಾಯಿಲೆ ಇದೆ ಎಂಬ ನಂಬಿಕೆ ಬಂದುಬಿಟ್ಟಿತ್ತು.

ಆಮೇಲೆ ನಾನು ಊಟದ ಡಬ್ಬಿ ತೆಗೆದುಕೊಂಡು ರೆಕಾರ್ಡ್ ರೂಮಿಗೇ ಹೋಗತೊಡಗಿದೆ. ಕೆಂಪು ಬಟ್ಟೆಯಲ್ಲಿ ಕಟ್ಟಿದ ಕಡತದ ಗಂಟುಗಳ, ಅಂದರೆ ಬಸ್ತಾಗಳ ನಡುವೆ ಚಾಚಾ ಮಾತಾಡುತ್ತಿದ್ದರು. ಬಾಯಿಬಿಟ್ಟೇ ಹೇಳಬಹುದಲ್ಲ, ಸಂಡಾಸ ಯಾಕೆ ಬೇಕು ಎಂದು ಒಮ್ಮೆ ಕೇಳಿದೆ.

"ಬಾಯಿಲೆ ಹೇಳಿದ್ರ ಅವರು ಚಹಾ ಕುಡಸ್ತಾರ" ಎಂದರು. "ಚಹಾ ಕುಡದ್ನಂದ್ರ, ನಾಳಿ ಚಹಾ ಕುಡಸದವಂದು ಬಸ್ತಾ ಬಿಚ್ಚಾಕ ನನ್ನ ಕೈ ಏಳಂಗಿಲ್ಲ. ಗ್ವಾಡಿಗಿ ಯಾರೂ ಚಹಾ ಕುಡಸಂಗಿಲ್ಲ ನೋಡು."

ಗೋಡೆಗೆ ಅವರದೊಂದು ಕಾನೂನಿತ್ತು. ಕಾಗದ ಎಲ್ಲಿದೆಯೋ ಅಷ್ಟನ್ನೇ ಬರೆಯಬೇಕು. ಕೆಲಸ ಆಗುತ್ತದೆ ಎಂದು ಬರೆಯಬಾರದು. "ಆಸೆ ಹಚ್ಚೋದು ನಮ್ಮ ಕೆಲಸ ಅಲ್ಲ" ಎನ್ನುತ್ತಿದ್ದರು. "ಸಿಕ್ಕಿಲ್ಲಂದ್ರ ಸಿಕ್ಕಿಲ್ಲಂತ ಬರಿ. ಅಷ್ಟಕ್ಕೂ ಮಂದಿ ಖುಷಿ ಆಗ್ತಾರ. ಯಾರೋ ಹುಡುಕಾಕತ್ತಾರಂತ ತಿಳೀತದಲ್ಲ."

ಹಾಗೆ ಖುಷಿಯಾಗುತ್ತಿದ್ದವರಲ್ಲಿ ಕೊಳಕೂರಿನ ಭೀಮಶ್ಯಪ್ಪ ಒಬ್ಬರು. ಅವರ ಹೊಲಕ್ಕೆ ಹೋಗುವ ಬಂಡಿ ದಾರಿಯನ್ನು ಪಕ್ಕದ ಹೊಲದವನು ಜಾಲಿಮುಳ್ಳು ಹಾಕಿ ಮುಚ್ಚಿದ್ದ. ಇಲ್ಲಿ ದಾರಿಯೇ ಇರಲಿಲ್ಲ ಎಂಬುದು ಅವನ ವಾದ. ನಿಜಾಮನ ಕಾಲದ ನಕಾಶೆಯಲ್ಲಿ ದಾರಿ ಇದೆ ಎಂಬುದು ಭೀಮಶ್ಯಪ್ಪನವರ ವಾದ. ಬೆಳೆದ ಜೋಳವನ್ನು ಗಂಡ ಹೆಂಡತಿ ತಲೆಯ ಮೇಲೆ ಹೊತ್ತು, ಬದುವಿನ ಮೇಲೆ ಒಂದು ಮೈಲಿ ಸುತ್ತಿ ಸಾಗಿಸುತ್ತಿದ್ದರು. ಗೋಡೆಯ ಮೇಲೆ ಅವರ ಪ್ರಶ್ನೆ ಬರೆದುಕೊಟ್ಟವನು ನಾನೇ: 'ಕೊಳಕೂರ ಭೀಮಶ್ಯಪ್ಪ. ನಕಾಶೆ ಅದನೋ ಇಲ್ಲೋ?'

ಆ ಕಾಲದ ಉರ್ದೂ ಬಸ್ತಾಗಳು ಅರವತ್ತಕ್ಕೂ ಹೆಚ್ಚು. ಮೇಲಿನ ಚೀಟಿಗಳು ಉದುರಿಹೋಗಿದ್ದವು. ಚಾಚಾ ದಿನಕ್ಕೊಂದು ಬಸ್ತಾ ಬಿಚ್ಚಿ, ಸೀನುತ್ತ, ಹಾಳೆ ಹಾಳೆ ನೋಡುತ್ತಿದ್ದರು. ಸಂಜೆ ಗೋಡೆಯ ಮೇಲೆ 'ಇವತ್ತ ಸಿಕ್ಕಿಲ್ಲ.' ಮರುದಿನ 'ಇವತ್ತೂ ಸಿಕ್ಕಿಲ್ಲ.' ಭೀಮಶ್ಯಪ್ಪ ವಾರಕ್ಕೊಮ್ಮೆ ಸಂತೆಗೆ ಬಂದಾಗ ನಾನು ಅವನ್ನೆಲ್ಲ ಓದಿ ಹೇಳುತ್ತಿದ್ದೆ. "ಹುಡುಕಾಕತ್ತಾರ, ಸಾಕು ಬಿಡ್ರಿ" ಎಂದು ಅವರು ನಗುತ್ತ ಹೋಗುತ್ತಿದ್ದರು. ಹುಡುಕುವವರು ಯಾರೆಂದು ಅವರು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ.

ಇನ್ನು ಹೇಳಲೇಬೇಕಾದದ್ದು ನನ್ನ ಘನಕಾರ್ಯಗಳಲ್ಲಿ ದೊಡ್ಡದು. ಒಂದು ದಿನ ಹೆಡ್‌ಕ್ಲರ್ಕರು ಹತ್ತು ಜನರ ಮುಂದೆ ನನ್ನ ಟೈಪಿಂಗನ್ನು ಎತ್ತಿ ಆಡಿದರು. ಕೋಳಿ ಕೆದರಿದರೂ ಇದಕ್ಕಿಂತ ಚೆನ್ನಾಗಿ ಅಕ್ಷರ ಮೂಡುತ್ತವೆ ಎಂದರು. ಮಾತು ನಿಜವಾಗಿತ್ತು, ಅದಕ್ಕೇ ಹೆಚ್ಚು ಉರಿಯಿತು. ಆ ಮಧ್ಯಾಹ್ನ ಹಿತ್ತಲಿಗೆ ಹೋಗಿ, ಎಡಗೈಯಲ್ಲಿ ಇದ್ದಿಲು ಹಿಡಿದು, ಚಾಚಾನ ಅಕ್ಷರ ನೋಡಿ ನೋಡಿ ಬರೆದೆ: 'ಎಲ್ಲಾರ ಕಾಗದ ತಯಾರ ಅವ. ಐತವಾರ ಮುಂಜಾನೆ ಹೆಡ್‌ಕ್ಲರ್ಕ್ ಸಾಹೇಬ್ರ ಮನಿಗಿ ಬಂದು ಒಯ್ರಿ.'

ಭಾನುವಾರ ಅವರ ಮನೆಯ ಎದುರಿನ ಹೋಟೆಲಿನಲ್ಲಿ ಭಜಿ ಹೇಳಿ ಕೂತೆ, ತಮಾಷೆ ನೋಡಲು. ನಲವತ್ತು ಜನ ಬಂದರು. ಹೆಡ್‌ಕ್ಲರ್ಕರು ಅರ್ಧ ಗಡ್ಡ ಬೋಳಿಸಿ, ಇನ್ನರ್ಧಕ್ಕೆ ಸಾಬೂನು ಹಚ್ಚಿಕೊಂಡು, ಬನಿಯನ್ನಿನಲ್ಲಿ ಬಾಗಿಲಿಗೆ ಬಂದರು. ನಕ್ಕು ನಕ್ಕು ಭಜಿ ನನ್ನ ಮೂಗಿಗೆ ಹತ್ತಿತು. ಆಗಲೇ ಗುಂಪಿನ ಹಿಂದೆ ಭೀಮಶ್ಯಪ್ಪ ಕಂಡರು. ಒಗೆದ ಧೋತರ, ಹೊಸ ರುಮಾಲು, ಪಕ್ಕದಲ್ಲಿ ಹೆಂಡತಿ. ಆ ತಾಯಿಯ ಕೈಯಲ್ಲಿ ಒಂದು ತೆಂಗಿನಕಾಯಿ, ಎಲೆಯಲ್ಲಿ ಹೂವು. ನಕಾಶೆ ಸಿಕ್ಕಿತೆಂದು ಪೂಜೆಗೆ ತಂದಿದ್ದರು. ಬಿಸಿಲು ಏರುವವರೆಗೂ ಅವರಿಬ್ಬರು ಅಲ್ಲಿಂದ ಕದಲಲಿಲ್ಲ. ಉಳಿದ ಭಜಿ ನಾನು ತಿನ್ನಲಿಲ್ಲ.

ಯಾರು ಹೇಳಿದರು ಎಂದು ಹೆಡ್‌ಕ್ಲರ್ಕರು ಕೇಳಿದರೆ ಜನ ಗೋಡೆ ಹೇಳಿತು ಎಂದರು. ಸೋಮವಾರ ಇಡೀ ಕಚೇರಿಯನ್ನು ಹಿತ್ತಲಿಗೆ ಕರೆದೊಯ್ದು ಗೋಡೆಯ ಮುಂದೆ ನಿಲ್ಲಿಸಿದರು. ಬರೆದವರು ಒಪ್ಪಿಕೊಳ್ಳದಿದ್ದರೆ ಗೋಡೆಯ ಮೇಲೆ ಹೆಸರಿರುವ ರೈತರನ್ನೆಲ್ಲ ಒಬ್ಬೊಬ್ಬರಾಗಿ ಕರೆಸುತ್ತೇನೆ, ಅವರ ಕಾಗದಗಳು ಹೇಗೆ ಮುಂದೆ ಹೋಗುತ್ತವೋ ನೋಡುತ್ತೇನೆ ಎಂದರು. ದಿನವಿಡೀ ಬಡಬಡಿಸುವ ನನ್ನ ಬಾಯಿ ಆ ಒಂದು ದಿನ ಸರ್ಕಾರಿ ರಜೆ ಹಾಕಿತ್ತು.

ಚಾಚಾ ಮುಂದೆ ಬಂದರು. "ನನ್ನ ಅಕ್ಷರ್ರಿ, ಸಾಹೇಬ್ರ."

ಹೆಡ್‌ಕ್ಲರ್ಕರು ನನ್ನ ಸಾಲಿನ ಮೇಲೆ ಬೆರಳಿಟ್ಟು, "ಇದೂ ನೀನೇ ಬರದಿ?" ಎಂದರು.

ಚಾಚಾ ಆ ಸಾಲನ್ನು ಒಂದಿಷ್ಟು ಹೊತ್ತು ನೋಡಿದರು. ನನ್ನ ಕಡೆ ತಿರುಗಲಿಲ್ಲ. "ಈ ಮೂಲ್ಯಾಗಿಂದೆಲ್ಲಾ ನಂದೇರಿ" ಎಂದರು.

ಹದಿನೈದು ದಿನಗಳಲ್ಲಿ ಚಾಚಾನಿಗೆ ಅಫಜಲಪುರಕ್ಕೆ ವರ್ಗವಾಯಿತು. ಗೋಡೆಗೆ ಡಾಂಬರು ಬಳಿದರು. ಹೊರಡುವ ದಿನ ಬಸ್ ಸ್ಟ್ಯಾಂಡಿಗೆ ಟ್ರಂಕು ಹೊತ್ತುಕೊಂಡು ನಾನೇ ಹೋದೆ. ಅವರ ಕಾಲಿಗೆ ಬಿದ್ದು ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಬಸ್ಸು ಬಂತು. ಚಾಚಾ ಕಿಟಕಿಯಿಂದ ಬಗ್ಗಿ ಹೇಳಿದ್ದು ಇಷ್ಟೇ: "ಉರ್ದೂ ಬಸ್ತಾ ಇನ್ನ ನಾಕೇ ಉಳದಾವ, ಸಿದ್ದೂ. ಕಿಡಕಿ ಕಡಿ, ಮ್ಯಾಲಿನ ಫಳಿ. ಹೊಸ ಜವಾನಗ ಹೇಳು. ಮರೀಬ್ಯಾಡ."

ನಾನು ಮರೆಯಲಿಲ್ಲ. ಮರೆತಿದ್ದರೆ ಇವತ್ತು ಇಷ್ಟು ಬರೆಯಬೇಕಾಗಿರಲಿಲ್ಲ. ಹೊಸ ಜವಾನನ ಮುಂದೆ ನಕಾಶೆಯ ಮಾತು ತೆಗೆದರೆ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾನೆ. ಅವನು ಹೆಡ್‌ಕ್ಲರ್ಕರಿಗೆ ಹೇಳುತ್ತಾನೆ. ಆ ತಿಂಗಳೇ ನನ್ನ ನೌಕರಿ ಕಾಯಂ ಆಗುವುದಿತ್ತು. ಮುಂದಿನ ವಾರ ಹೇಳೋಣ ಎಂದುಕೊಂಡೆ. ಹಾಗೆ ಎಷ್ಟು ಮುಂದಿನ ವಾರಗಳು ಬಂದುಹೋದವೋ. ಭೀಮಶ್ಯಪ್ಪ ಸಂತೆಯ ದಿನ ಬಂದು ಕರಿ ಗೋಡೆಯ ಮುಂದೆ ನಿಂತು ಹೋಗುತ್ತಿದ್ದರು. ನಾನು ಅವರನ್ನು ಕಂಡ ಕೂಡಲೇ ಟೈಪ್‌ರೈಟರಿನ ಮೇಲೆ ಬಾಗಿ ಜೋರಾಗಿ ಹೊಡೆಯುತ್ತಿದ್ದೆ, ಖಾಲಿ ಹಾಳೆಯನ್ನು. ಆಮೇಲೆ ಅವರು ಬರುವುದೂ ನಿಂತಿತು.

ಒಂದೂವರೆ ವರ್ಷದ ಮೇಲೆ ಹವಳಗಾದಲ್ಲಿ ಗೆಳೆಯನ ಮದುವೆಗೆ ಹೋದವನು, ಅಫಜಲಪುರದಲ್ಲಿ ಇಳಿದು ಚಾಚಾನನ್ನು ಹುಡುಕಿದೆ. ಅಲ್ಲಿಯ ಕಚೇರಿಯಲ್ಲಿ ಅವರಿಗೆ ಕಾಗದದ ಕೆಲಸವಿರಲಿಲ್ಲ. ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರಿಸಿದ್ದರು, ಗಂಟೆ ಬಾರಿಸಿದರೆ ಏಳಬೇಕು. ಸೀನು ನಿಂತಿತ್ತು. ಇನ್ನಷ್ಟು ತೆಳ್ಳಗಾಗಿದ್ದರು. ನನ್ನನ್ನು ಕಂಡು ಎದುರಿನ ಹೋಟೆಲಿಗೆ ಕರೆದೊಯ್ದರು. ನಾನು ಲೋಟ ಮುಟ್ಟದೆ ಶುರು ಮಾಡಿದೆ: "ಚಾಚಾ, ಆವತ್ತ ಆ ಗ್ವಾಡಿ ಮ್ಯಾಲ..."

"ಅದು ನನಗ ಆವತ್ತೇ ಗೊತ್ತು. ಹುಡುಗಾಟಕಿ, ಬಿಡು" ಎಂದರು. ಮತ್ತೆ ಮುಂದಕ್ಕೆ ಬಾಗಿ ಕೇಳಿದರು: "ಭೀಮಶ್ಯಪ್ಪಂದು ಏನಾತು? ಆ ನಾಕ ಬಸ್ತಾದಾಗ ಸಿಕ್ತಿಲ್ಲೋ?"

ತಪ್ಪೊಪ್ಪಿಗೆಗೆ ತಯಾರಾಗಿ ಹೋಗಿದ್ದೆ. ಈ ಪ್ರಶ್ನೆಗೆ ತಯಾರಿರಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಸಿಕ್ತ್ರಿ ಚಾಚಾ" ಎಂದೆ. "ದಾರಿ ಬಿಟ್ಟಾರ. ಬಂಡಿ ಓಡಾಡ್ಲಾಕತ್ತಾವ."

ಚಾಚಾ ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಕಚೇರಿಯಲ್ಲಿ ಬಾಯಿ ಬಿಡದ ಮನುಷ್ಯ ಹೋಟೆಲಿನವನನ್ನು ಕರೆದು, ಇವನು ನಮ್ಮ ಜೇವರ್ಗಿ ಹುಡುಗ, ಒಳ್ಳೆಯ ಸುದ್ದಿ ತಂದಿದ್ದಾನೆ ಎಂದು ಕೊಳಕೂರಿನ ದಾರಿಯ ಕತೆಯನ್ನೆಲ್ಲ ಮೊದಲಿನಿಂದ ಹೇಳಿದರು. ಎಷ್ಟು ಬಸ್ತಾ, ಎಂಥ ಧೂಳು, ಕೊನೆಗೆ ನಾಲ್ಕರಲ್ಲಿ ಹೇಗೆ ಸಿಕ್ಕಿತು ಎಂದು. ಸಿಗುವ ಭಾಗವನ್ನು ಅವರು ತಾವೇ ಕಟ್ಟಿಕೊಂಡು ಹೇಳುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ. ಬಸ್ಸಿನವರೆಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತರು. ಅದೇ ಕೊನೆಯ ಭೇಟಿ.

ಮರುದಿನ ಯಾರಿಗೂ ಹೆದರದೆ ಕೀಲಿ ಇಸಿದುಕೊಂಡು ರೆಕಾರ್ಡ್ ರೂಮಿಗೆ ಹೋದೆ. ಅಷ್ಟು ಸುಲಭವಿತ್ತು. ಹೊಸ ಜವಾನ ಯಾಕೆ ಎಂದು ಸಹ ಕೇಳಲಿಲ್ಲ. ಉರ್ದೂ ಬರುವ ಟೇಲರ್ ಗೆಳೆಯನೊಬ್ಬನನ್ನು ಜೊತೆಗೆ ಕರೆದುಕೊಂಡಿದ್ದೆ. ನಕಾಶೆ ಎರಡನೆಯ ಬಸ್ತಾದಲ್ಲೇ ಇತ್ತು. ಅರ್ಧ ಗಂಟೆಯ ಕೆಲಸ.

ನಕಲು ತೆಗೆಸಿ, ಸಹಿ ಹಾಕಿಸಿಕೊಂಡು ಕೊಳಕೂರಿಗೆ ಹೋದೆ. ಭೀಮಶ್ಯಪ್ಪ ಕಟ್ಟೆಯ ಮೇಲೆ ಕೂತಿದ್ದರು. ಹೆಂಡತಿಯ ಸೊಂಟ ಬಿದ್ದುಹೋದ ಮೇಲೆ ಜೋಳ ಹೊರುವವರು ಯಾರೂ ಇಲ್ಲದೆ, ಕಳೆದ ದೀಪಾವಳಿಯ ಹೊತ್ತಿಗೆ ಆ ಹೊಲವನ್ನು ದಾರಿ ಮುಚ್ಚಿದವನಿಗೇ ಮಾರಿದ್ದರು. ದಾರಿ ಇಲ್ಲದ ಹೊಲವನ್ನು ಬೇರೆ ಯಾರೂ ಕೇಳಿರಲಿಲ್ಲ. ಅವರು ಕಾಗದವನ್ನು ತೊಡೆಯ ಮೇಲೆ ಹರಡಿಕೊಂಡರು. ಓದು ಬಾರದಿದ್ದರೂ ಹಳ್ಳ, ಬೇವಿನ ಗಿಡ, ಬದು ಎಲ್ಲವನ್ನೂ ಬೆರಳಿನಿಂದ ಗುರುತಿಸಿ, ಎರಡು ಗೆರೆಗಳ ನಡುವೆ ಬೆರಳನ್ನು ನಿಧಾನ ಸಾಗಿಸಿದರು.

"ಇದೇ ನೋಡ್ರಿ" ಎಂದರು. "ಇತ್ತಂತ ನಾ ಹೇಳಿದ್ದಿಲ್ಲ?"

ಹುಡುಕಿದವರು ಯಾರು ಎಂದು ಆವತ್ತು ಮೊದಲ ಸಲ ಕೇಳಿದರು. ಲಾಡ್ಲೇಸಾಬ ಎಂದು ಹೇಳಿದೆ. ತಡ ಮಾಡಿದವನು ಯಾರು ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಚಾಚಾ ಆಮೇಲೆ ನಿವೃತ್ತರಾಗಿ ಅಫಜಲಪುರದಲ್ಲೇ ಉಳಿದರೆಂದು ಕೇಳಿದ್ದೇನೆ. ಅಲ್ಲಿಗೆ ಹೋಗುವ ಬಸ್ಸು ದಿನಾ ನಮ್ಮ ಕಚೇರಿಯ ಮುಂದೆಯೇ ಹಾಯ್ದು ಹೋಗುತ್ತದೆ. ನಾನು ಹತ್ತಿಲ್ಲ. ಹತ್ತಿದರೆ ನಿಜ ಹೇಳಬೇಕಾಗುತ್ತದೆ. ಅಲ್ಲಿ ಅವರ ಪಾಲಿಗೆ ಕೊಳಕೂರಿನ ಆ ದಾರಿಯ ಮೇಲೆ ಇವತ್ತಿಗೂ ಬಂಡಿಗಳು ಓಡಾಡುತ್ತಿವೆ.