ಆಂಟಿ ಕೇಳಿದ ಬ್ಯಾಂಡು

ಚೆಂಡುಹೂವಿನ ಘಾಟು ಬೆರಳಿಗೆ ಹತ್ತಿದರೆ ಸೋಪು ಹಾಕಿ ತೊಳೆದರೂ ಬೇಗ ಹೋಗುವುದಿಲ್ಲ. ಮೊನ್ನೆ ಮೆಕ್ಸಿಕನ್ ಅಂಗಡಿಯಿಂದ ತಂದ ಹೂವನ್ನು ದೇವರಿಗೆ ಪೋಣಿಸುತ್ತಿದ್ದಾಗ ಹ್ಯೂಸ್ಟನ್‌ನಿಂದ ಫೋನ್ ಬಂತು. ಡಲ್ಲಾಸ್ ಹತ್ತಿರ ಈ ಇರ್ವಿಂಗ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿಯ ಮಗಳು.

"ಅಕ್ಕಾ, ಬೆಳಿಗ್ಗೆ ಅಮ್ಮ ಹೋಗ್ಬಿಟ್ರು... ನಿದ್ದೇಲೇ."

ನರಳಲಿಲ್ಲವಲ್ಲ, ಅಷ್ಟು ಪುಣ್ಯ ಎಂದುಕೊಂಡೆ. ಅವಳು ಅಳು ನುಂಗಿಕೊಂಡು ಇನ್ನೊಂದು ಕೇಳಿದಳು. "ಫ್ಯೂನರಲ್‌ಗೆ ಬ್ಯಾಂಡ್ ಇಡಿಸು ಅಂದಿದ್ರು. ಆ ಸರ್ಕಸ್‌ನಲ್ಲಿ ಇತ್ತಲ್ಲ, ಆ ಥರ. ಅಣ್ಣ ಬೇಡವೇ ಬೇಡ ಅಂತಾನೆ. ಮಾಡಬಹುದಾ ಅಕ್ಕಾ? ನಿಮಗೆ ಶಾಸ್ತ್ರ ಎಲ್ಲ ಗೊತ್ತಲ್ಲ."

ಆಮೇಲೆ ಹೇಳುತ್ತೇನೆಂದು ಫೋನ್ ಇಟ್ಟೆ. ನನಗೆ ಗೊತ್ತಿರುವುದು ಏಕಾದಶಿ, ಸಂಕಷ್ಟಿ. ಇದನ್ನು ಯಾರನ್ನು ಕೇಳಲಿ?

ನಾವು ಆ ಸರ್ಕಸ್‌ಗೆ ಹೋದಾಗ ಅಂಕಲ್ ತೀರಿಕೊಂಡು ಇನ್ನೂ ವರ್ಷಾಂತಿಕ ಆಗಿರಲಿಲ್ಲ. ಅವರ ಅಂತ್ಯಕ್ರಿಯೆಯ ದಿನ ಆಂಟಿ ಬಾಗಿಲಲ್ಲೇ ನಿಂತು, ಬಂದವರನ್ನೆಲ್ಲ ಪಾರ್ಕಿಂಗ್ ಸಿಕ್ಕಿತಾ ಎಂದು ವಿಚಾರಿಸಿದ್ದರು. ಅತ್ತದ್ದನ್ನು ನಾನು ಕಾಣಲಿಲ್ಲ. ಆಮೇಲೆ ಮಾತೂ ಕಡಿಮೆಯಾಯಿತು, ನಿದ್ದೆಯೂ... ಡಲ್ಲಾಸ್‌ಗೆ ಮೆಕ್ಸಿಕೋ ಕಡೆಯ ಸರ್ಕಸ್ ಬಂದಿದೆ ಎಂದು ಮಗಳು ಮಧ್ಯಾಹ್ನದ ಆಟಕ್ಕೆ ಟಿಕೆಟ್ ತೆಗೆದು, ಜೊತೆಗೆ ನನ್ನನ್ನೂ ಹೊರಡಿಸಿದಳು. ಹಬ್ಬವಲ್ಲ, ಮದುವೆಯಲ್ಲ, ಜಿಗಿದಾಟ ನೋಡಿದರೆ ತಪ್ಪೇನು ಎಂದುಕೊಂಡೆ. ಸೀಟು ಬಾಗಿಲ ಹತ್ತಿರವೇ ಸಿಕ್ಕಿ ಆಂಟಿಯ ಮಂಡಿಗೆ ಮೆಟ್ಟಿಲಿನ ಕಷ್ಟವೂ ತಪ್ಪಿತು. ದೇವರ ದಯೆ.

ದೀಪ ಹತ್ತಿದರೆ ಎದುರಿಗೆ ಶವಯಾತ್ರೆ! ದೊಡ್ಡ ಹ್ಯಾಟಿನ ಮುದುಕನೊಬ್ಬ ಪೆಟ್ಟಿಗೆಯಲ್ಲಿ ಮಲಗಿದ್ದಾನೆ. ಮುಂದೆ ಟ್ರಂಪೆಟ್ ಊದುವವರು, ಹಿಂದೆ ಕುಣಿಯುವವರು, ಮೇಲಿಂದ ಚೆಂಡುಹೂವಿನ ಎಸಳು. ನಾನು ಆಂಟಿಯ ಕೈ ಹಿಡಿದುಕೊಂಡೆ. ಅಷ್ಟರಲ್ಲಿ ಸತ್ತವನು ಎದ್ದು, ಹಗ್ಗ ಹಿಡಿದು ಸರಸರ ಮೇಲೇರಿ, ತನ್ನವರ ತಲೆಯ ಮೇಲೆ ತೂಗಾಡತೊಡಗಿದ.

"ಏಳಿ ಆಂಟಿ, ಹೋಗೋಣ."

"ಕೂತ್ಕೊಳ್ಳೇ. ಯಾರ್ಯಾರು ಬಂದ್ರು ಅಂತ ನೋಡ್ತಿದಾನೆ. ನಮ್ಮನೆಯವರೂ ಹಿಂಗೇ. ಮದುವೆಗೆ ಹೋದ್ರೆ ಊಟಕ್ಕಿಂತ ಮುಂಚೆ ಅದೇ ಕೆಲಸ."

ಹೇಳುತ್ತಾ ನಕ್ಕರು. ಮೈಯೆಲ್ಲ ಕುಲುಕುವಂತೆ ನಕ್ಕರು. ನಗುತ್ತಲೇ ಯಾವಾಗ ಅಳು ಶುರುವಾಯಿತೋ, ನನ್ನ ಹೆಗಲಿಗೆ ಹಣೆಯಿಟ್ಟು ಬಿಕ್ಕಿದರು. ಸುತ್ತ ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಸಮಾಧಾನ ಮಾಡಬೇಕೋ, ಸುಮ್ಮನಿರಬೇಕೋ...

ವಾಪಸ್ ಬಂದಾಗ ಆಂಟಿ ಮನೆಯ ಹೊಸಿಲಲ್ಲೇ ನಿಂತರು. "ಹೆಣ ನೋಡಿದ್ವಲ್ಲ, ಸ್ನಾನ ಮಾಡ್ಬೇಕೇನೇ?"

"ಸುಳ್ಳು ಹೆಣ ಆಂಟಿ ಅದು."

"ಅತ್ತಿದ್ದು ನಿಜ ತಾನೇ?"

ಅವರವರ ಮನೆಯಲ್ಲಿ ಇಬ್ಬರೂ ಸೀರೆ ಸಮೇತ ತಲೆಗೆ ನೀರು ಹಾಕಿಕೊಂಡೆವು. ಮಾರನೆಯ ದಿನ ಆಂಟಿ ಬೇಲಿಯ ಹತ್ತಿರ ಬಂದು, ರಾತ್ರಿ ಒಂದೇ ನಿದ್ದೆಗೆ ಬೆಳಗಾಯಿತು ಎಂದರು. ಸ್ವಲ್ಪ ದಿನಕ್ಕೆ ಮಗಳ ಮನೆಗೆ ಹ್ಯೂಸ್ಟನ್‌ಗೆ ಹೊರಟುಹೋದರು.

ಇದೆಲ್ಲ ನೆನೆದು, ಸಂಜೆ ಆಂಟಿಯ ಮಗಳಿಗೆ ನಾನೇ ಫೋನ್ ಮಾಡಿದೆ. "ಬ್ಯಾಂಡ್ ಇಡಿಸು ಪುಟ್ಟಿ. ಅಣ್ಣನಿಗೆ ನಾನು ಹೇಳ್ತೀನಿ."

"ಶಾಸ್ತ್ರದಲ್ಲಿ ಇದೆಯಾ ಅಕ್ಕಾ?"

"ಗೊತ್ತಿಲ್ಲಮ್ಮ. ಅವತ್ತು ನಿಮ್ಮಮ್ಮನಿಗೆ ನಿದ್ದೆ ಬಂತು. ನನಗೆ ಗೊತ್ತಿರೋದು ಅಷ್ಟೇ."

ಹೇಳಿದ್ದು ಸರಿಯೋ ತಪ್ಪೋ, ಈಗಲೂ ತಿಳಿಯದು. ತಪ್ಪಾಗಿದ್ದರೆ ದೇವರು ಅದನ್ನು ನನ್ನ ತಲೆಗೇ ಹಾಕಲಿ. ಬೇಲಿಯಾಚೆಯ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಇಂಥದ್ದನ್ನೆಲ್ಲ ಇನ್ನು ನನ್ನನ್ನು ಕೇಳುವವರೂ ಇಲ್ಲ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ; ಬೆಳಿಗ್ಗೆ ಬೇಗ ಹ್ಯೂಸ್ಟನ್‌ಗೆ ಹೊರಡಬೇಕು. ಅವರಿಗೆ ಒಯ್ಯುವ ಸಾರಿಗೆಂದು ತೊಗರಿಬೇಳೆ ತೊಳೆದು ಕುಕ್ಕರಿಗೆ ಹಾಕಿದೆ.