ದೀಪ ಹಚ್ಚುವವರೆಗಿನ ಯುದ್ಧ

ದಾಳ ಎಸೆಯುವ ಮುನ್ನ ನಮ್ಮ ಓನರ್ ಆಂಟಿ ಎರಡೂ ಕೈಯ ಚಿನ್ನದ ಬಳೆಗಳನ್ನು ಮೊಣಕೈಯತ್ತ ತಳ್ಳಿಕೊಳ್ಳುತ್ತಿದ್ದರು. ಅವು ಮುಂಗೈಗೆ ಬಿಗಿಯಾಗಿ ಕಚ್ಚಿಕೊಂಡು ನಿಲ್ಲುತ್ತಿದ್ದವು; ಆಟ ಮುಗಿದ ಮೇಲೆ ಅಲ್ಲಿ ಕೆಂಪು ಗೆರೆ ಉಳಿದಿರುತ್ತಿತ್ತು. ಬಳೆ ಮೇಲೇರಿತೆಂದರೆ ಯಾರ ಮೇಲೋ ದಾಳಿ ಖಚಿತ.

ಪಟ್ಟಂದೂರು ಅಗ್ರಹಾರದಲ್ಲಿ ಅವರದು ನಾಲ್ಕು ಅಂತಸ್ತಿನ ಕಟ್ಟಡ. ಕೆಳಗೆ ಅವರು ಮತ್ತು ಮಗ, ಮೇಲೆಲ್ಲ ಬಾಡಿಗೆಯವರು. ಗಂಡನನ್ನು ಬಿಟ್ಟು ಬಂದ ನನಗೆ ಆ ಸುತ್ತಿನಲ್ಲಿ ಯಾರೂ ಮನೆ ಕೊಟ್ಟಿರಲಿಲ್ಲ. "ಹಸ್ಬೆಂಡ್ ಯಾವಾಗ ಬರ್ತಾರೆ?" ಎಂದು ಕೇಳುವುದು, ನನ್ನ ಉತ್ತರ ಕೇಳಿ "ರೂಮ್ ಈಗ್ತಾನೇ ಹೋಯ್ತು ಮೇಡಂ" ಎನ್ನುವುದು. ಇವರು ಮಾತ್ರ ಬೀಗದ ಕೈ ಕೊಡುತ್ತ ಕೇಳಿದ್ದು ಒಂದೇ ಪ್ರಶ್ನೆ: "ಆಟ ಆಡೋಕೆ ಬತ್ತದಾ?"

ಆ ಆಟವನ್ನು ಹಿಂದೆ ಯಾರೋ ಬಾಡಿಗೆ ಹುಡುಗರು ರೂಮ್ ಖಾಲಿ ಮಾಡುವಾಗ ಬಿಟ್ಟುಹೋಗಿದ್ದರು. ಪ್ರಪಂಚದ ಭೂಪಟವಿದ್ದ ರಟ್ಟಿನ ಹಲಗೆ, ಬಣ್ಣಬಣ್ಣದ ಪ್ಲಾಸ್ಟಿಕ್ ಸೈನಿಕರು. ದಾಳ ಎಸೆದು ಪಕ್ಕದವರ ನಾಡು ಗೆಲ್ಲಬೇಕು. ಗೆದ್ದ ಪ್ರತಿ ನಾಡಿನಲ್ಲೂ ಒಬ್ಬನನ್ನಾದರೂ ಕಾವಲಿಗೆ ಬಿಟ್ಟು ಮುಂದೆ ಹೋಗಬೇಕು. ಭಾನುವಾರ ಊಟವಾದ ಮೇಲೆ ಶುರು. ಸಂಜೆ ಆಂಟಿ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಯಾರ ಕೈಯಲ್ಲಿ ಹೆಚ್ಚು ನಾಡುಗಳಿವೆಯೋ ಅವರೇ ಗೆದ್ದಂತೆ. ಆದರೆ ನಡೆಯುತ್ತಿರುವ ಸುತ್ತು ಪೂರ್ತಿಯಾಗಲೇಬೇಕು. ಇದು ಆ ಮನೆಯ ಕಾನೂನು.

ಏಷ್ಯಾ ಖಂಡಕ್ಕೆ ಅವರು ಇಟ್ಟ ಹೆಸರು ಹೂಡಿ ಸರ್ಕಲ್, ನಾಲ್ಕೂ ದಿಕ್ಕಿನಿಂದ ಗಾಡಿಗಳು ನುಗ್ಗುವ ನಮ್ಮ ಹತ್ತಿರದ ವೃತ್ತದ್ದು. "ಅದ್ರ ಆಸೆ ಬಿಡು ಕಣಮ್ಮ, ಎಲ್ಲಾ ಕಡೆಯಿಂದ್ಲೂ ನುಗ್ತಾರೆ. ಒಂದೇ ದಾರಿ ಇರೋ ಮೂಲೆ ಇಡ್ಕೊ, ಆ ದಾರೀಲಿ ಜನ ತುಂಬು" ಎನ್ನುತ್ತಿದ್ದರು. ನಾನೋ, ಆರು ಬಿದ್ದ ಖುಷಿಗೆ ಕಂಡಕಂಡಲ್ಲಿ ನುಗ್ಗಿ, ಮುಂದಿನ ಸರದಿಗೆ ಬರಿಗೈ. "ಅಂಗೆ ಓಡ್ತೀಯಲ್ಲ, ಇಂದೆ ಯಾರವ್ರೆ ನೋಡ್ಕೊಂಡ್ಯಾ?" ಎನ್ನುತ್ತ ನನ್ನ ಒಂಟಿ ಸೈನಿಕರನ್ನು ಎತ್ತಿ ಡಬ್ಬಿಗೆ ಹಾಕುತ್ತಿದ್ದರು. ಸೋತವಳಿಗೆ ಕಾಫಿ ಕೊಡುವಾಗಲೂ ಕರುಣೆಯಿಲ್ಲ; ಎಲ್ಲಿ ತಪ್ಪಿದೆ ಎಂದು ನಾನೇ ಬಾಯಿಬಿಟ್ಟು ಹೇಳುವವರೆಗೆ ಲೋಟ ಅವರ ಕೈಯಲ್ಲೇ. ಮನಸ್ಸಿನಲ್ಲೇ ಬೈದುಕೊಳ್ಳುತ್ತ ಕಲಿತೆ.

ಹೀಗಿರುವಾಗ ಮಗ ಒಂದು ಸುದ್ದಿ ತಂದ. ಯಾರೋ ಇಡೀ ಕಟ್ಟಡವನ್ನು ಪಿಜಿ ಮಾಡಲು ಲೀಸ್‌ಗೆ ಕೇಳುತ್ತಿದ್ದಾರೆ, ಬಾಡಿಗೆಯವರನ್ನೆಲ್ಲ ಖಾಲಿ ಮಾಡಿಸಬೇಕು ಎಂದ.

"ಇವ್ಳ ರೂಮ್ ಒಂದು ಬಿಟ್ಬಿಡು," ಎಂದರು ಆಂಟಿ.

ಅವನು ನಕ್ಕ. "ಭಾನುವಾರ ಆಟದಲ್ಲಿ ನನ್ನ ಸೋಲಿಸ್ಲಿ, ಬಿಡ್ತೀನಿ."

ತಮಾಷೆಗೆ ಹೇಳಿದ್ದ. ಆಂಟಿ ನಗಲಿಲ್ಲ. "ಮಾತು ಕೊಟ್ಟಿದೀಯ. ನೆನಪಿರ್ಲಿ."

ಆ ಭಾನುವಾರ ಮೂವರೇ ಕುಳಿತೆವು. ನನಗೆ ಬೆಳಗಿನಿಂದ ಅನ್ನ ಇಳಿದಿರಲಿಲ್ಲ. ಸೋತರೆ ಮತ್ತೆ ಬೀದಿ ಬೀದಿ ಅಲೆದು ಗಂಡನ ಪ್ರಶ್ನೆಗೆ ಉತ್ತರ ಕೊಡಬೇಕು. ಆಂಟಿ ನನ್ನ ಕಡೆಯವರು ಎಂಬುದೊಂದೇ ಧೈರ್ಯ. ಅವರ ಗಡಿಯಲ್ಲಿ ಒಬ್ಬೊಬ್ಬನನ್ನೇ ಬಿಟ್ಟು, ಸೈನ್ಯವನ್ನೆಲ್ಲ ಮಗನ ಎದುರು ನಿಲ್ಲಿಸಿದೆ.

ಆಂಟಿ ಬಳೆ ಸರಿಸಿಕೊಂಡರು. ದಂಡು ಬಂದದ್ದು ನನ್ನ ಮೇಲೆಯೇ. ಒಂದರ ಹಿಂದೊಂದು ನನ್ನ ನಾಡುಗಳು ಅವರ ಪಾಲಾದವು.

"ಆಂಟಿ, ನೀವೇನಾ?"

"ಗಡಿ ಯಾಕೆ ಖಾಲಿ ಬಿಟ್ಟೆ? ನನ್ನ ನಂಬ್ಕೊಂಡಾ?"

ಸಿಟ್ಟಿಗೆ ಕಣ್ಣು ತುಂಬಿ ಬಂತು. ಮಗ ಖುಷಿಯಿಂದ ತೊಡೆ ತಟ್ಟಿಕೊಂಡ. ನಾನು ಉಳಿದವರನ್ನೆಲ್ಲ ಒಂದು ಮೂಲೆಗೆ ಎಳೆದುಕೊಂಡೆ. ಸರದಿ ಬಂದಾಗಲೆಲ್ಲ ಸಿಗುವ ಹೊಸ ಸೈನಿಕರನ್ನು ಅಲ್ಲಿಗೇ ಸೇರಿಸಿದೆ, ಯಾರ ಮೇಲೂ ಹೋಗಲಿಲ್ಲ. ಇತ್ತ ನನ್ನನ್ನು ಹೊಡೆದು ಹರಡಿಕೊಂಡಿದ್ದ ಆಂಟಿಯ ಸೈನ್ಯ ತೆಳ್ಳಗಾಗಿತ್ತು. ಅದನ್ನು ಕಂಡು ಮಗ ಅವರ ನಾಡುಗಳೊಳಗೆ ನುಗ್ಗಿದವನು ನಿಲ್ಲಲೇ ಇಲ್ಲ. ಹೂಡಿ ಸರ್ಕಲ್‌ನ ಉದ್ದಕ್ಕೂ ಅವನ ಹಸಿರು ಸೈನಿಕರು ಒಂಟಿ ಒಂಟಿಯಾಗಿ ನಿಂತರು. ಕಿಟಕಿಯಲ್ಲಿ ಬೆಳಕು ಕಂದುತ್ತಿತ್ತು.

"ಅಮ್ಮ, ದೀಪ ಹಚ್ಚಮ್ಮ. ಹೊತ್ತಾಯ್ತು."

ಆಂಟಿ ಎದ್ದು ಬತ್ತಿ ಹೊಸೆಯತೊಡಗಿದರು. "ಅವ್ಳ ಸರದಿ ಐತೆ. ಮುಗೀಲಿ."

ದಾಳ ಎತ್ತಿಕೊಂಡೆ. ಮೊದಲ ಎಸೆತಕ್ಕೇ ನನ್ನವರಿಬ್ಬರು ಸತ್ತರು. ಇಲ್ಲಿಗೇ ಬಿಟ್ಟುಬಿಡಲೇ ಎನಿಸಿತು. ಹಲಗೆ ನೋಡಿದೆ: ಅವನ ಬೆನ್ನ ಹಿಂದೆಲ್ಲ ಕಾವಲಿಗೆ ಒಬ್ಬೊಬ್ಬನೇ. ಮತ್ತೆ ಎಸೆದೆ, ಮತ್ತೆ ಎಸೆದೆ. ಹಸಿರು ಸೈನಿಕರು ಉರುಳುತ್ತ ಹೋದರು. ಕೊನೆಗೆ ಎಣಿಸಿದಾಗ ಅವನಿಗಿಂತ ನನ್ನದು ಒಂದು ನಾಡು ಹೆಚ್ಚು. ಮಗ ತಾನೂ ಎಣಿಸಿ ನೋಡಿ, ಎದ್ದು ಹೋದ. ಆಂಟಿ ನನ್ನತ್ತ ತಿರುಗಿಯೂ ನೋಡದೆ ದೀಪ ಹಚ್ಚಿದರು.

ಉಳಿದ ರೂಮುಗಳೆಲ್ಲ ಪಿಜಿಯಾದವು, ನನ್ನದು ಉಳಿಯಿತು. ಭಾನುವಾರದ ಆಟವೂ ಮುಂದುವರಿಯಿತು. ಆದರೆ ಅಂಥ ದಿನ ಆಂಟಿ ನನ್ನ ಮೇಲೇ ಬಿದ್ದರಲ್ಲ ಎಂಬ ಮುನಿಸು ಒಳಗೇ ಕುಳಿತಿತ್ತು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಹೋದ ವರ್ಷ ಎದೆನೋವೆಂದು ಆಸ್ಪತ್ರೆಗೆ ಹೋದ ಆಂಟಿ ಮರಳಲಿಲ್ಲ. ತಿಥಿ ಮುಗಿದ ಮಾರನೆಯ ದಿನ ಮಗ ನನ್ನ ಬಾಗಿಲು ತಟ್ಟಿದ. ಇನ್ನು ತಡೆಯುವವರು ಯಾರು?

"ಖಾಲಿ ಮಾಡ್ಬೇಕಾ?" ನಾನೇ ಕೇಳಿದೆ.

"ಇಲ್ಲ ಅಕ್ಕ. ಪಿಜಿಯವ್ರು ನಿಮ್ ರೂಮೂ ಕೇಳಿದ್ರು, ಆಗಲ್ಲ ಅಂದೆ. ಅದನ್ನ ಹೇಳೋಕೇ ಬಂದೆ." ಬೋಳಿಸಿದ ತಲೆಯನ್ನು ಸವರಿಕೊಂಡ. "ಅವತ್ತು ಅಮ್ಮ ನಿಮಗೇನಾದ್ರೂ ಬಿಟ್ಕೊಟ್ಟಿದ್ರೆ, ಇಬ್ರೂ ಸೇರ್ಕೊಂಡು ಮೋಸ ಮಾಡಿದ್ರಿ ಅಂತ ಅವತ್ತೇ ಖಾಲಿ ಮಾಡಿಸ್ತಿದ್ದೆ. ನನ್ನ ಬುದ್ಧಿ ಅವ್ಳಿಗೆ ಗೊತ್ತಿತ್ತು. ಅದಕ್ಕೇ ನಿಮ್ಮನ್ನೇ ಹೊಡೆದ್ಲು. ಆದ್ರೂ ನೀವು ಗೆದ್ರಿ, ಇನ್ನ ನಾನೇನ್ ಹೇಳ್ಲಿ?"

ಅವನು ಮೆಟ್ಟಿಲಿಳಿದು ಹೋದ. ನಾನು ಬಾಗಿಲು ಹಾಕಿ, ಅವರು ಉಳಿಸಿಕೊಟ್ಟ ಆ ರೂಮಿನಲ್ಲಿ ಕುಳಿತು ಜೋರಾಗಿ ಅತ್ತುಬಿಟ್ಟೆ.